ಕಾವು ಮತ್ತು ನೆನಪು: ಫೆರೋಎಲೆಕ್ಟ್ರಿಕ್ ಮೆಮೊರಿಯ ಮೇಲೆ ಉಷ್ಣತೆಯ ಪರಿಣಾಮ



ಕರೆಂಟು ಹೋದ ಮೇಲೂ ಬರೆದದ್ದನ್ನು ಉಳಿಸಿಕೊಳ್ಳುವ ಮೆಮೊರಿಗಳಲ್ಲಿ ಒಂದು ಬಗೆ ಇಂದಿನ ಉಪನ್ಯಾಸದ ವಿಷಯ. ಅದಕ್ಕೆ ಫೆರೋಎಲೆಕ್ಟ್ರಿಕ್ ಮೆಮೊರಿ ಎಂದು ಹೆಸರು. ಮೊಬೈಲಿನಲ್ಲಿ ಚಿತ್ರ, ಹಾಡುಗಳನ್ನು ತುಂಬಿಡುವ ಫ್ಲ್ಯಾಶ್ ಮೆಮೊರಿಯಷ್ಟು ಇದು ಜನಜನಿತವಲ್ಲ. ಆದರೆ ಕ್ಷಣಕ್ಷಣವೂ ಲೆಕ್ಕ ಬರೆಯಬೇಕಾದ, ಕರೆಂಟು ಹೋದ ಗಳಿಗೆಯಲ್ಲಿ ಕೊನೆಯ ಅಂಕಿಯನ್ನೂ ಕಳೆದುಕೊಳ್ಳಬಾರದ ಕಡೆ ಇದಕ್ಕೆ ಬೆಲೆ ಹೆಚ್ಚು. ವಿದ್ಯುತ್ ಮೀಟರು, ವಾಹನದ ನಿಯಂತ್ರಣ ಘಟಕ, ಕಾರ್ಖಾನೆಯ ಯಂತ್ರ, ವೈದ್ಯಕೀಯ ಉಪಕರಣ ಇಂಥ ಜಾಗಗಳು. ಈ ಮೆಮೊರಿಯ ವಿಷಯದಲ್ಲಿ ಉಷ್ಣತೆಯ ಪ್ರಶ್ನೆ ಬಂದಾಗ ಸಾಮಾನ್ಯವಾಗಿ ಒಂದೇ ಉತ್ತರ ಕೇಳಿಬರುತ್ತದೆ: ಆ ವಸ್ತು ತನ್ನ ಗುಣ ಕಳೆದುಕೊಳ್ಳುವ ಉಷ್ಣತೆ ನಮ್ಮ ಬಿಸಿಲಿಗಿಂತ ಎಷ್ಟೋ ಮೇಲಿದೆ, ಆದ್ದರಿಂದ ಚಿಂತೆಯಿಲ್ಲ. ಈ ಉತ್ತರ ಅರ್ಧ ಮಾತ್ರ ನಿಜ ಎಂಬುದು ನನ್ನ ವಾದ. ಉಷ್ಣತೆ ಈ ಮೆಮೊರಿಯ ಹುಟ್ಟಿನಲ್ಲಿ, ಬಾಳಿನಲ್ಲಿ, ಅಳಿವಿನಲ್ಲಿ ಮೂರೂ ಕಡೆ ಪಾಲುಗೊಳ್ಳುತ್ತದೆ. ಇಂಥ ಮೆಮೊರಿಯ ಆಯುಷ್ಯವನ್ನು ಬರೀ ವರ್ಷಗಳಲ್ಲಿ ಹೇಳಲು ಬರುವುದಿಲ್ಲ. ಇಂತಿಷ್ಟು ಡಿಗ್ರಿಯಲ್ಲಿ ಇಂತಿಷ್ಟು ವರ್ಷ ಎಂದೇ ಹೇಳಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಬೀದರ ಸೀಮೆಗೆ ಇದು ಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಮೊದಲು ವಸ್ತುವಿನ ಸ್ವಭಾವವನ್ನು ನೋಡೋಣ. ಹೆಸರಿನಲ್ಲಿ ಕಬ್ಬಿಣವನ್ನು ಸೂಚಿಸುವ ‘ಫೆರೋ’ ಇದ್ದರೂ ಈ ವಸ್ತುಗಳಲ್ಲಿ ಕಬ್ಬಿಣ ಇರಬೇಕೆಂದಿಲ್ಲ. ಕಬ್ಬಿಣದ ಕಾಂತಗುಣಕ್ಕೆ ಹೋಲುವ ನಡತೆಯಿಂದ ಆ ಹೆಸರು ಬಂತು. ಮೆಮೊರಿಗೆ ಹೆಚ್ಚು ಬಳಕೆಯಾದ ಲೆಡ್ ಜಿರ್ಕೋನೇಟ್ ಟೈಟನೇಟನ್ನು ತೆಗೆದುಕೊಳ್ಳಿ. ಅದರ ಒಂದೊಂದು ಸ್ಫಟಿಕ ಕೋಶವೂ ಒಂದು ಚಿಕ್ಕ ಪೆಟ್ಟಿಗೆ. ಮೂಲೆಗಳಲ್ಲಿ ಸೀಸ, ಮುಖಗಳಲ್ಲಿ ಆಮ್ಲಜನಕ, ನಡುವೆ ಟೈಟಾನಿಯಂ ಅಥವಾ ಜಿರ್ಕೋನಿಯಂ ಅಯಾನು. ನಡುವಿನ ಈ ಅಯಾನು ಸರಿಯಾಗಿ ಮಧ್ಯದಲ್ಲಿ ಕೂಡುವುದಿಲ್ಲ. ಒಂದು ಸೆಂಟಿಮೀಟರಿನ ನೂರು ಕೋಟಿ ಪಾಲಿನಲ್ಲಿ ಒಂದೆರಡು ಪಾಲಿನಷ್ಟು ಮೇಲಕ್ಕೋ ಕೆಳಕ್ಕೋ ಸರಿದು ನಿಲ್ಲುತ್ತದೆ. ಅಷ್ಟರಿಂದಲೇ ಕೋಶಕ್ಕೆ ಒಂದು ಧನ ತುದಿ, ಒಂದು ಋಣ ತುದಿ ಬರುತ್ತವೆ, ಇದೇ ಧ್ರುವೀಕರಣ. ಮೇಲೆ ಸರಿದರೆ ಒಂದು, ಕೆಳಗೆ ಸರಿದರೆ ಸೊನ್ನೆ. ಹೊಲದ ಬದುವನ್ನು ಕಣ್ಣಮುಂದೆ ತಂದುಕೊಂಡರೆ ವಿಷಯ ಸುಲಭವಾಗುತ್ತದೆ. ಅಕ್ಕಪಕ್ಕದ ಎರಡು ಹೊಲಗಳ ನಡುವೆ ಒಂದು ಬದು ಇದೆ, ನೀರು ಈ ಕಡೆಯ ಹೊಲದಲ್ಲಾದರೂ ಆ ಕಡೆಯ ಹೊಲದಲ್ಲಾದರೂ ನಿಲ್ಲಬಹುದು. ಹೊರಗಿನಿಂದ ವಿದ್ಯುತ್ ಕ್ಷೇತ್ರ ಕೊಟ್ಟು ದೂಡಿದರೆ ನೀರು ಬದು ದಾಟಿ ಆಚೆ ಹೋಗುತ್ತದೆ. ದೂಡುವುದನ್ನು ಬಿಟ್ಟರೆ ಹೋದಲ್ಲೇ ನಿಲ್ಲುತ್ತದೆ. ಬರೆಯುವುದು ಎಂದರೆ ಬದು ದಾಟಿಸುವುದು, ನೆನಪಿಡುವುದು ಎಂದರೆ ಬದುವಿನ ಬಲದ ಮೇಲೆ ನಿಲ್ಲುವುದು. ಈ ಬದುವಿನ ಎತ್ತರವನ್ನು ತೀರ್ಮಾನಿಸುವ ಸಂಗತಿಗಳಲ್ಲಿ ಉಷ್ಣತೆ ಮುಖ್ಯವಾದದ್ದು.

ಉಷ್ಣತೆ ಏರಿದಂತೆ ಅಯಾನುಗಳ ಕಂಪನ ಹೆಚ್ಚುತ್ತದೆ, ಸರಿತದ ಪ್ರಮಾಣ ಕುಗ್ಗುತ್ತದೆ, ಬದು ತಗ್ಗುತ್ತದೆ. ಒಂದು ನಿರ್ದಿಷ್ಟ ಉಷ್ಣತೆಯಲ್ಲಿ ಬದು ಪೂರ್ತಿ ಕರಗಿ ಎರಡೂ ಹೊಲಗಳು ಒಂದಾಗುತ್ತವೆ. ಅದನ್ನು ಕ್ಯೂರಿ ಉಷ್ಣತೆ ಎನ್ನುತ್ತಾರೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವಾಲಸೆಕ್ ಈ ಗುಣವನ್ನು ಮೊದಲು ಕಂಡದ್ದು ರೋಷೆಲ್ ಲವಣದಲ್ಲಿ, 1920ರ ಸುಮಾರಿಗೆ. ಆ ಲವಣ ಫೆರೋಎಲೆಕ್ಟ್ರಿಕ್ ಆಗಿರುವುದು ಸೊನ್ನೆಗಿಂತ 18 ಡಿಗ್ರಿ ಕೆಳಗಿನಿಂದ 24 ಡಿಗ್ರಿವರೆಗೆ ಮಾತ್ರ. ಅಂದರೆ ನಮ್ಮ ಹಳ್ಳಿಖೇಡದ ಮಾಘ ಮಾಸದ ಬೆಳಗಿನಲ್ಲಿ ಅದಕ್ಕೆ ನೆನಪಿರುತ್ತಿತ್ತು. ಚೈತ್ರದ ಮಧ್ಯಾಹ್ನ ಅಳಿಸಿಹೋಗುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಜಪಾನುಗಳಲ್ಲಿ ಬೇರೆಬೇರೆಯಾಗಿ ಗುರುತಿಸಲಾದ ಬೇರಿಯಂ ಟೈಟನೇಟಿನ ಮಿತಿ ಸುಮಾರು 120 ಡಿಗ್ರಿ. ಲೆಡ್ ಟೈಟನೇಟಿನದು ಸುಮಾರು 490 ಡಿಗ್ರಿ. ಸೀಸ, ಜಿರ್ಕೋನಿಯಂ, ಟೈಟಾನಿಯಂಗಳ ಮಿಶ್ರಣದಲ್ಲಿ ಪಾಲು ಬದಲಿಸಿದಂತೆ ಈ ಮಿತಿಯೂ ಬದಲಾಗುತ್ತದೆ. ಮೆಮೊರಿಗೆ ಬಳಸುವ ಮಿಶ್ರಣಗಳಲ್ಲಿ ಅದು 350 ಡಿಗ್ರಿಯ ಮೇಲೆಯೇ ಇರುತ್ತದೆ. ಈ ಮಿತಿ ದಾಟಿ ಮತ್ತೆ ತಣಿಸಿದರೆ ವಸ್ತುವಿನ ಗುಣ ಮರಳಿ ಬರುತ್ತದೆ. ಆದರೆ ಮೊದಲು ನೀರು ಯಾವ ಹೊಲದಲ್ಲಿತ್ತು ಎಂಬುದು ಮರಳುವುದಿಲ್ಲ. ಸಾಮರ್ಥ್ಯ ಉಳಿಯುತ್ತದೆ, ಬರೆದದ್ದು ಹೋಗುತ್ತದೆ.

ಕಾವಿಗೆ ಸ್ಫಟಿಕ ಹೇಗೆ ಸಡಿಲಗೊಳ್ಳುತ್ತದೆ ಎಂಬುದನ್ನು ತಿಳಿಯುವ ಪ್ರಯತ್ನದಲ್ಲಿ ಕರ್ನಾಟಕದ ನೆಲಕ್ಕೆ ಒಂದು ಗೌರವದ ಸ್ಥಾನವಿದೆ. 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಸಿ.ವಿ. ರಾಮನ್ ಮತ್ತು ಟಿ.ಎಂ.ಕೆ. ನೆಡುಂಗಾಡಿಯವರು ಸ್ಫಟಿಕಶಿಲೆಯ, ಅಂದರೆ ಕ್ವಾರ್ಟ್ಸಿನ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ ಒಂದು ಕಿರು ವರದಿ ಪ್ರಕಟಿಸಿದರು. ಕ್ವಾರ್ಟ್ಸ್ 573 ಡಿಗ್ರಿಯ ಹತ್ತಿರ ತನ್ನ ಒಳರಚನೆಯನ್ನು ಬದಲಿಸುತ್ತದೆ. ಆ ಬಿಂದುವಿನತ್ತ ಕಾಯಿಸುತ್ತ ಹೋದಂತೆ ಅದು ಚೆದುರಿಸುವ ಬೆಳಕಿನಲ್ಲಿ ಒಂದು ರೇಖೆ ಮಾತ್ರ ಉಳಿದವುಗಳಿಗಿಂತ ಬೇರೆಯಾಗಿ ನಡೆದುಕೊಳ್ಳುವುದನ್ನು ಅವರು ಕಂಡರು. ಅದು ಅಗಲವಾಗುತ್ತ, ಮಂಕಾಗುತ್ತ, ತನ್ನ ಆವರ್ತಾಂಕವನ್ನು ಇಳಿಸಿಕೊಳ್ಳುತ್ತ ಸಾಗಿತ್ತು. ಅಂದರೆ ಸ್ಫಟಿಕದ ಹಲವು ಕಂಪನಗಳಲ್ಲಿ ಒಂದು ಕಾವಿಗೆ ಮೆತ್ತಗಾಗುತ್ತದೆ, ರಚನೆ ಆ ಕಂಪನದ ದಾರಿಯಲ್ಲೇ ಮಗುಚಿಕೊಳ್ಳುತ್ತದೆ. ಕ್ವಾರ್ಟ್ಸ್ ಫೆರೋಎಲೆಕ್ಟ್ರಿಕ್ ಅಲ್ಲ. ಆದರೆ ಸುಮಾರು 20 ವರ್ಷಗಳ ನಂತರ ಬ್ರಿಟನ್ನಿನ ವಿಲಿಯಂ ಕೊಕ್ರನ್ ಮತ್ತು ಅಮೆರಿಕದ ಫಿಲಿಪ್ ಆಂಡರ್ಸನ್ ಅವರು ಫೆರೋಎಲೆಕ್ಟ್ರಿಕ್ ಸ್ಫಟಿಕಗಳ ಮಾರ್ಪಾಟನ್ನು ವಿವರಿಸಿದ್ದು ಇದೇ ಬಗೆಯ ಮೆದು ಕಂಪನದ ಕಲ್ಪನೆಯಿಂದ. ಈ ಎಳೆ ಮುಂದೆಯೂ ಬೆಳೆಯಿತು. ಈಗ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿರುವ ಉಮೇಶ ವಾಘ್ಮಾರೆಯವರು 1997ರಲ್ಲಿ ಕರೀನ್ ರಾಬೆಯವರೊಂದಿಗೆ ಪ್ರಕಟಿಸಿದ ಲೆಕ್ಕಾಚಾರ ಒಂದು ಉದಾಹರಣೆ. ಪ್ರಯೋಗದ ಅಂಕಿಗಳನ್ನು ಎರವಲು ಪಡೆಯದೆ, ಪರಮಾಣುಗಳ ಮೂಲ ನಿಯಮಗಳಿಂದಲೇ ಲೆಡ್ ಟೈಟನೇಟಿನ ಮಾರ್ಪಾಟಿನ ಉಷ್ಣತೆಯನ್ನು ಅವರು ಲೆಕ್ಕ ಹಾಕಿದರು. ಸಿಕ್ಕ ಉತ್ತರ 660 ಕೆಲ್ವಿನ್. ಪ್ರಯೋಗದಲ್ಲಿ ಕಾಣುವುದು ಸುಮಾರು 763 ಕೆಲ್ವಿನ್, ಅಂದರೆ ಮೇಲೆ ಹೇಳಿದ 490 ಡಿಗ್ರಿ. ಅಂತರ ಇದೆ. ಆದರೂ ಯಾವ ಅಯಾನಿನ ಸರಿತ, ಯಾವ ಎಳೆತ ಈ ಮಾರ್ಪಾಟಿಗೆ ಕಾರಣ ಎಂಬುದನ್ನು ಬಿಡಿಸಿ ತೋರಿಸಿದ್ದರಿಂದ ಆ ಕೆಲಸ ಗಟ್ಟಿಯಾಗಿ ನಿಂತಿದೆ.

ಇಷ್ಟು ಕೇಳಿದ ಮೇಲೆ ಮೊದಲ ಆಕ್ಷೇಪ ಸಹಜವಾಗಿ ಏಳುತ್ತದೆ. ಮಿತಿ 350 ಡಿಗ್ರಿಯ ಮೇಲಿದ್ದರೆ 42 ಡಿಗ್ರಿಯ ಬಿಸಿಲು ಏನು ಮಾಡೀತು? ಇದಕ್ಕೆ ಉತ್ತರವನ್ನು ಚಿಪ್ ತಯಾರಕರ ವಿವರ ಪತ್ರಗಳೇ ಕೊಡುತ್ತವೆ. ಚಿಪ್ಪನ್ನು ಬೋರ್ಡಿಗೆ ಬೆಸುಗೆ ಹಾಕುವಾಗ ಕೆಲವು ಕ್ಷಣ 260 ಡಿಗ್ರಿಯವರೆಗೆ ಕಾವು ತಗಲುತ್ತದೆ. ಆ ಕಾವು ಕ್ಯೂರಿ ಉಷ್ಣತೆಗಿಂತ ಎಷ್ಟೋ ಕೆಳಗೆ. ಹಾಗಿದ್ದರೂ ಬೆಸುಗೆಗೆ ಮೊದಲು ಬರೆದ ಮಾಹಿತಿ ಬೆಸುಗೆಯ ನಂತರ ಉಳಿದೀತು ಎಂಬ ಖಾತರಿಯನ್ನು ಸೀಸದ ಮಿಶ್ರಣದ ಚಿಪ್‌ಗಳ ಅನೇಕ ತಯಾರಕರು ಕೊಡುವುದಿಲ್ಲ. ಇನ್ನೊಂದು ಸಾಕ್ಷ್ಯ ಇನ್ನೂ ಸ್ಪಷ್ಟ. ಫುಜಿತ್ಸು ಹೆಸರಿನಲ್ಲಿ ಬಂದ ಅನೇಕ ಚಿಪ್‌ಗಳ ವಿವರ ಪತ್ರದಲ್ಲಿ ಮಾಹಿತಿ ಉಳಿಯುವ ಅವಧಿಯನ್ನು 85 ಡಿಗ್ರಿಯಲ್ಲಿ 10 ವರ್ಷ, 55 ಡಿಗ್ರಿಯಲ್ಲಿ 95 ವರ್ಷ, 35 ಡಿಗ್ರಿಯಲ್ಲಿ 200ಕ್ಕೂ ಹೆಚ್ಚು ವರ್ಷ ಎಂದು ಕೊಟ್ಟಿದ್ದಾರೆ. ಮೊದಲ ಎರಡು ಅಂಕಿಗಳನ್ನು ಹೋಲಿಸಿ ನೋಡಿ. 30 ಡಿಗ್ರಿ ಏರಿಕೆಗೆ ಆಯುಷ್ಯ ಒಂಬತ್ತೂವರೆ ಪಟ್ಟು ಕುಗ್ಗಿತು. ಸರಾಸರಿ ಹಾಕಿದರೆ ಪ್ರತಿ 10 ಡಿಗ್ರಿಗೆ ಆಯುಷ್ಯ ಅರ್ಧಕ್ಕೆ, ಇಲ್ಲವೇ ಅದಕ್ಕಿಂತ ತುಸು ಕೆಳಕ್ಕೆ ಇಳಿದಂತಾಯಿತು. ಕ್ಯೂರಿ ಉಷ್ಣತೆ ಎಲ್ಲೋ ದೂರದಲ್ಲಿರುವಾಗಲೇ ನಡೆಯುವ ಸವೆತ ಇದು. ಬದು ಒಮ್ಮೆಗೇ ಒಡೆಯುವ ಉಷ್ಣತೆ ಒಂದು, ಬದುವಿನಿಂದ ದಿನವೂ ನೀರು ಜಿನುಗುವ ವೇಗ ಇನ್ನೊಂದು. ಮೊದಲನೆಯದನ್ನು ಮಾತ್ರ ತಿಳಿದವನು ಎರಡನೆಯದರ ಬಗ್ಗೆ ನಿಶ್ಚಿಂತನಾಗುವಂತಿಲ್ಲ.

ಈ ಜಿನುಗುವಿಕೆಯ ಕಾರಣಗಳನ್ನು ಎರಡಾಗಿ ವಿಂಗಡಿಸಬಹುದು. ಒಂದು, ಕಾವು ಏರಿದಾಗ ಧ್ರುವೀಕರಣದ ಪ್ರಮಾಣವೇ ಸ್ವಲ್ಪ ಕುಗ್ಗುವುದು. ಇದು ತಣಿದಾಗ ಸರಿಹೋಗುತ್ತದೆ. ಆದರೆ ಕಾವಿರುವಾಗಲೇ ಓದಬೇಕಾದರೆ ಒಂದಕ್ಕೂ ಸೊನ್ನೆಗೂ ನಡುವಣ ಅಂತರ ಕಿರಿದಾಗಿರುತ್ತದೆ. ಹೆಚ್ಚಿನ ಫೆರೋಎಲೆಕ್ಟ್ರಿಕ್ ಮೆಮೊರಿಗಳಲ್ಲಿ ಓದುವುದೆಂದರೆ ಕೋಶವನ್ನು ಒಂದು ಕಡೆಗೆ ದೂಡಿ, ಹೊರಬಿದ್ದ ವಿದ್ಯುದಂಶವನ್ನು ಅಳೆದು, ಬಳಿಕ ಮೊದಲಿನಂತೆ ಮತ್ತೆ ಬರೆಯುವುದು. ಆದ್ದರಿಂದ ಆ ಅಂತರ ಕಿರಿದಾದಷ್ಟೂ ತಪ್ಪು ಓದುವ ಅಪಾಯ ಹೆಚ್ಚು. ಎರಡನೆಯ ಕಾರಣ ಕಾಲದೊಂದಿಗೆ ಕೂಡಿಕೊಂಡದ್ದು, ತಣಿಸಿದರೂ ಪೂರ್ತಿ ಸರಿಹೋಗದ್ದು. ಒಂದು ಕೋಶ ಬಹುಕಾಲ ಒಂದೇ ಸ್ಥಿತಿಯಲ್ಲಿ ಇದ್ದರೆ ಅದರೊಳಗಿನ ಅಲೆಮಾರಿ ವಿದ್ಯುದಂಶಗಳು, ಆಮ್ಲಜನಕ ತೆರವಾದ ಜಾಗಗಳು ನಿಧಾನವಾಗಿ ಆ ಸ್ಥಿತಿಗೆ ಹೊಂದಿಕೊಂಡು ಕೂಡುತ್ತವೆ. ಒಂದೇ ಹೊಲದಲ್ಲಿ ವರ್ಷಗಟ್ಟಲೆ ನೀರು ನಿಂತು ಆ ಕಡೆಯ ನೆಲವೇ ತಗ್ಗಾದ ಹಾಗೆ. ಆಮೇಲೆ ನೀರನ್ನು ಆಚೆ ದಾಟಿಸಿದರೂ ಅದು ಹಳೆಯ ತಗ್ಗಿಗೇ ಮರಳಿ ಬರುತ್ತದೆ. ಹಳೆಯ ನೆನಪು ಅಚ್ಚೊತ್ತಿದಂತಾಗಿ ಹೊಸ ನೆನಪಿಗೆ ಎಡೆಯಿಲ್ಲದಾಗುತ್ತದೆ. ಈ ಕಣಗಳ ಓಡಾಟಕ್ಕೆ ಕಾವೇ ಚಾಲಕ ಶಕ್ತಿ. ಹತ್ತು ಡಿಗ್ರಿಗೆ ಅರ್ಧ ಎಂಬ ಲೆಕ್ಕದ ಹಿಂದೆ ಇರುವುದು ಇದೇ. ಆಮ್ಲಜನಕದ ಈ ಪಾತ್ರ ಬರೀ ಊಹೆಯಲ್ಲ. ಮುಂದೆ ಹೇಳಲಿರುವ ಹಾಫ್ನಿಯಂ ಆಧಾರಿತ ಸಾಧನಗಳಲ್ಲಿ ವಿದ್ಯುತ್ ಒತ್ತಡಕ್ಕೆ ಆಮ್ಲಜನಕ ಅತ್ತಿತ್ತ ಚಲಿಸುವುದನ್ನು ತೋರಿಸಿದ ಅಧ್ಯಯನ 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅದರ ಪ್ರಮುಖ ಲೇಖಕ ಪವನ್ ನುಕಲಾ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದಾರೆ.

ಎರಡನೆಯ ಆಕ್ಷೇಪ ಸರಾಸರಿಯ ಮೇಲೆ ನಿಂತದ್ದು. ವರ್ಷವಿಡೀ ಬೇಸಿಗೆಯಿಲ್ಲ, ರಾತ್ರಿ ತಂಪು, ಮಳೆಗಾಲ ತಂಪು. ಸರಾಸರಿ ಉಷ್ಣತೆ ಸೌಮ್ಯವಾಗಿಯೇ ಇದೆಯಲ್ಲ ಎನ್ನಬಹುದು. ಇಲ್ಲಿ ಲೆಕ್ಕವನ್ನು ಎಚ್ಚರದಿಂದ ಹಾಕಬೇಕು. ಹೊಲದ ಕಂಬಕ್ಕೆ ಬಿಗಿದ ಕಬ್ಬಿಣದ ಪೆಟ್ಟಿಗೆಯೊಂದರ ಒಳಗೆ ಅರ್ಧ ಕಾಲ 60 ಡಿಗ್ರಿ, ಅರ್ಧ ಕಾಲ 30 ಡಿಗ್ರಿ ಇದೆ ಎಂದುಕೊಳ್ಳೋಣ. ಸರಾಸರಿ 45. ಆದರೆ ಪ್ರತಿ 10 ಡಿಗ್ರಿಗೆ ಸವೆತ ಇಮ್ಮಡಿಯಾಗುವುದಾದರೆ, 45 ಡಿಗ್ರಿಯ ಸವೆತವನ್ನು ಒಂದು ಎಂದಿಟ್ಟಾಗ 60ರಲ್ಲಿ ಅದು ಸುಮಾರು 2.8, 30ರಲ್ಲಿ ಸುಮಾರು 0.35. ಇವೆರಡರ ಸರಾಸರಿ ಸುಮಾರು 1.6. ಉಷ್ಣತೆಯ ಸರಾಸರಿ ನೋಡಿ ಅಂದಾಜಿಸಿದ ಸವೆತಕ್ಕಿಂತ ನಿಜವಾದದ್ದು ಒಂದೂವರೆ ಪಟ್ಟಿಗೂ ಮಿಗಿಲಾಯಿತು. ಬಿಸಿ ಗಂಟೆಗಳು ತಿಂದದ್ದನ್ನು ತಂಪು ಗಂಟೆಗಳು ಮರಳಿ ತುಂಬಿಕೊಡುವುದಿಲ್ಲ. ಆದ್ದರಿಂದ ನಮ್ಮ ಸೀಮೆಯಲ್ಲಿ ಒಂದು ಉಪಕರಣದ ಆಯುಷ್ಯವನ್ನು ಅಂದಾಜಿಸುವವರು ಊರಿನ ವಾರ್ಷಿಕ ಸರಾಸರಿಯನ್ನು ಬಿಟ್ಟು ಪೆಟ್ಟಿಗೆಯ ಒಳಗಿನ ಕಾವನ್ನು ಗಂಟೆ ಗಂಟೆಗೆ ಅಳೆಯಬೇಕು. ಹತ್ತು ವರ್ಷ ಬಾಳಿದರೆ ಸಾಕು, ಅಷ್ಟರಲ್ಲಿ ಯಂತ್ರವೇ ಹಳತಾಗುತ್ತದೆ ಎಂಬ ಮಾತೂ ಇದೆ. ಪದೇಪದೇ ಹೊಸದು ಕೊಳ್ಳಬಲ್ಲವರಿಗೆ ಅದು ಸರಿ. ರಿಪೇರಿ ಮಾಡಿಸಿಕೊಂಡು ಹದಿನೈದು ಇಪ್ಪತ್ತು ವರ್ಷ ಯಂತ್ರ ನಡೆಸುವ ರೈತನಿಗೆ, ಸಣ್ಣ ಕಾರ್ಖಾನೆಗೆ ಆ ಮಾತು ಒಗ್ಗುವುದಿಲ್ಲ.

ಇಲ್ಲಿಯವರೆಗೆ ಕಾವನ್ನು ನೆನಪಿನ ವೈರಿಯಂತೆ ಚಿತ್ರಿಸಿದೆ. ಈಗ ಅದರ ಇನ್ನೊಂದು ಮುಖವನ್ನು ಹೇಳದಿದ್ದರೆ ನ್ಯಾಯವಾಗದು. ಈ ವಸ್ತುಗಳು ಮೆಮೊರಿಯಾಗುವುದೇ ಕಾವಿನಿಂದ. ಸಕ್ಕರೆ ಕಾರ್ಖಾನೆ ಇರುವ, ಕಬ್ಬಿನ ಗಾಣ ಕಂಡ ಹಳ್ಳಿಖೇಡದ ಜನಕ್ಕೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕೊಪ್ಪರಿಗೆಯ ಕೆಳಗಿನ ಬೆಂಕಿ ಕಡಿಮೆಯಾದರೆ ಪಾಕ ಗಟ್ಟಿಯಾಗುವುದಿಲ್ಲ, ಹೆಚ್ಚಾದರೆ ಕರಟುತ್ತದೆ, ಹದ ಬಂದಾಗಲೇ ಇಳಿಸಬೇಕು. ಲೆಡ್ ಜಿರ್ಕೋನೇಟ್ ಟೈಟನೇಟಿನ ಪೊರೆಯನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಹರಡಿದಾಗ ಅದಕ್ಕೆ ನೆನಪಿಲ್ಲ. ಸುಮಾರು 600ರಿಂದ 700 ಡಿಗ್ರಿಯಲ್ಲಿ ಕಾಯಿಸಿದಾಗ ಬೇಕಾದ ಸ್ಫಟಿಕ ಮೂಡುತ್ತದೆ. ಕಾವು ಸಾಲದಿದ್ದರೆ ಧ್ರುವೀಕರಣವಿಲ್ಲದ ಬೇರೆ ಸ್ಫಟಿಕ ಉಳಿದುಬಿಡುತ್ತದೆ, ಅತಿಯಾದರೆ ಸೀಸದ ಆಕ್ಸೈಡು ಆವಿಯಾಗಿ ಹೋಗಿ ಪೊರೆಯಲ್ಲಿ ಕೊರತೆ ಉಂಟಾಗುತ್ತದೆ. ತೊಡಕು ಏನೆಂದರೆ ಚಿಪ್ಪಿನ ಲೋಹದ ತಂತಿಗಳು ಸುಮಾರು 400-450 ಡಿಗ್ರಿಗಿಂತ ಹೆಚ್ಚಿನ ಕಾವನ್ನು ಸಹಿಸುವುದಿಲ್ಲ. ಈ ಕಾರಣಕ್ಕೇ 2011ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನಿಂದ ಬಂದ ಒಂದು ಸುದ್ದಿ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಸಿಲಿಕಾನ್ ಕಾರ್ಖಾನೆಗಳಲ್ಲಿ ಆಗಲೇ ಬಳಕೆಯಲ್ಲಿದ್ದ ಹಾಫ್ನಿಯಂ ಆಕ್ಸೈಡನ್ನು 10 ನ್ಯಾನೋಮೀಟರಿನಷ್ಟು ತೆಳುವಾಗಿಸಿ, ತುಸು ಸಿಲಿಕಾನ್ ಬೆರೆಸಿ ಕಾಯಿಸಿದರೆ ಅದು ಫೆರೋಎಲೆಕ್ಟ್ರಿಕ್ ಆಗುತ್ತದೆ ಎಂಬುದು ಆ ಸುದ್ದಿ. ಜಿರ್ಕೋನಿಯಂ ಬೆರೆಸಿದರೆ 400-500 ಡಿಗ್ರಿಯ ಕಾವೇ ಸಾಕು. ಸಹಜವಾಗಿ ತಣಿದ ದಪ್ಪ ಹಾಫ್ನಿಯಂ ಆಕ್ಸೈಡಿಗೆ ಈ ಗುಣವಿಲ್ಲ. ತೆಳುತನ, ಬೆರಕೆ, ಮೇಲಿನ ಲೋಹದ ಹೊದಿಕೆಯ ಬಿಗಿ, ಕಾಯಿಸಿ ತಣಿಸುವ ವೇಗ ಇವೆಲ್ಲ ಕೂಡಿ ಆ ರಚನೆಯನ್ನು ಹಿಡಿದಿಡುತ್ತವೆ. ನೆನಪನ್ನು ಸವೆಸುವ ಕಾವೇ ನೆನಪಿಗೆ ಹುಟ್ಟನ್ನೂ ಕೊಟ್ಟಿದೆ.

ಮೂರನೆಯ ಆಕ್ಷೇಪ ಎಂಜಿನಿಯರುಗಳದು. ಹಾಗಾದರೆ ಅತಿ ಹೆಚ್ಚು ಉಷ್ಣತೆ ತಾಳುವ ವಸ್ತುವನ್ನೇ ಆರಿಸಿದರೆ ಎಲ್ಲ ಸಮಸ್ಯೆ ತೀರುವುದಿಲ್ಲವೇ? ಅಂಥ ವಸ್ತುಗಳು ಇವೆ. ಅಲ್ಯೂಮಿನಿಯಂ ಸ್ಕ್ಯಾಂಡಿಯಂ ನೈಟ್ರೈಡ್ ಫೆರೋಎಲೆಕ್ಟ್ರಿಕ್ ಎಂಬುದು 2019ರಲ್ಲಿ ಜರ್ಮನಿಯಿಂದ ವರದಿಯಾಯಿತು. 2024ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ ಅದೇ ವಸ್ತುವಿನಿಂದ 600 ಡಿಗ್ರಿಯಲ್ಲೂ ಕೆಲಸ ಮಾಡುವ ಮೆಮೊರಿಯನ್ನು ತೋರಿಸಿತು. ಆದರೆ ಬಹಳ ಎತ್ತರದ ಬದುವನ್ನು ದಾಟಿಸಲು ಬಹಳ ಬಲ ಬೇಕು. ಈ ವಸ್ತುವಿನ ಧ್ರುವೀಕರಣವನ್ನು ಮಗುಚಲು ಬೇಕಾದ ವಿದ್ಯುತ್ ಕ್ಷೇತ್ರ ಸೀಸದ ಮಿಶ್ರಣಕ್ಕೆ ಬೇಕಾದುದಕ್ಕಿಂತ ಹಲವು ಹತ್ತು ಪಟ್ಟು. ಜೆಟ್ ಎಂಜಿನ್ನಿನ ಬಳಿ ಇಡುವ ಉಪಕರಣಕ್ಕೆ ಆ ಬೆಲೆ ತೆರಬಹುದು, ಸಣ್ಣ ಬ್ಯಾಟರಿಯ ಮೇಲೆ ನಡೆಯುವ ಮೀಟರಿಗೆ ತೆರಲಾಗದು. ಚಳಿಯ ಕಡೆಯಿಂದಲೂ ಇದೇ ಪಾಠ ಸಿಗುತ್ತದೆ. ಉಷ್ಣತೆ ಇಳಿದಂತೆ ಬದು ಏರುತ್ತದೆ, ಬರೆಯಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಹಿಮದ ನಾಡಿನಲ್ಲಿ ಚಿಪ್ ಬರೆಯಲು ತಿಣುಕುತ್ತದೆ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಡಡ್ಲಿ ಬಕ್ ತಮ್ಮ ಪ್ರಬಂಧದಲ್ಲಿ ಈ ಮೆಮೊರಿಯ ಕಲ್ಪನೆ ಮುಂದಿಟ್ಟರೂ ಅದು ಮಾರುಕಟ್ಟೆಗೆ ಬರಲು ನಾಲ್ಕು ದಶಕ ಬೇಕಾದದ್ದು ಇದೇ ಹದ ಸಿಗದ್ದರಿಂದ. ಬೇರಿಯಂ ಟೈಟನೇಟಿಗೆ ಗಟ್ಟಿಯಾದ ಮಗುಚುವ ಮಿತಿಯೇ ಇರಲಿಲ್ಲ. ಪಕ್ಕದ ಕೋಶಕ್ಕೆ ಬರೆಯಲು ಕೊಟ್ಟ ಅರ್ಧ ವೋಲ್ಟೇಜಿಗೇ ಈ ಕೋಶ ಅಲುಗುತ್ತಿತ್ತು. ಸಾಲದ್ದಕ್ಕೆ 5 ಡಿಗ್ರಿಯ ಆಸುಪಾಸಿನಲ್ಲಿ ಅದರ ರಚನೆ ಇನ್ನೊಮ್ಮೆ ಬದಲಾಗುತ್ತದೆ. ಮೆಮೊರಿಗೆ ಬೇಕಾದದ್ದು ಅತಿ ಎತ್ತರದ ಬದು ಅಲ್ಲ, ಅದು ಬಾಳುವ ನೆಲದ ಕಾವಿಗೆ ತಕ್ಕ ಬದು.

ಕೊನೆಯ ಆಕ್ಷೇಪ, ಫ್ಲ್ಯಾಶ್ ಅಗ್ಗವಾಗಿರುವಾಗ ಇದರ ಗೊಡವೆ ಏಕೆ ಎಂಬುದು. ಜಾಗದ ಲೆಕ್ಕದಲ್ಲೂ ಬೆಲೆಯ ಲೆಕ್ಕದಲ್ಲೂ ಫ್ಲ್ಯಾಶ್ ಬಹಳ ಮುಂದಿದೆ, ಅದನ್ನು ಒಪ್ಪಲೇಬೇಕು. ಆದರೆ ಫ್ಲ್ಯಾಶ್ ಎಲೆಕ್ಟ್ರಾನುಗಳನ್ನು ಒಂದು ತೆಳು ಗೋಡೆಯ ಹಿಂದೆ ಕೂಡಿಹಾಕಿ ನೆನಪಿಡುತ್ತದೆ. ಪ್ರತಿ ಬರಹಕ್ಕೂ ಆ ಗೋಡೆ ಸವೆಯುತ್ತದೆ. ಲಕ್ಷದ ಆಸುಪಾಸು ಬರಹಗಳಾದ ಮೇಲೆ ಅದನ್ನು ನಂಬುವಂತಿಲ್ಲ. ಕಾವು ಏರಿದರೆ ಅಲ್ಲಿಯೂ ಎಲೆಕ್ಟ್ರಾನುಗಳು ಸೋರುತ್ತವೆ. ಫೆರೋಎಲೆಕ್ಟ್ರಿಕ್ ಚಿಪ್‌ಗಳು ಲಕ್ಷ ಕೋಟಿಗೂ ಮೀರಿದ ಓದು ಬರಹಗಳನ್ನು ತಾಳುತ್ತವೆ, ಬರೆಯಲು ಬಳಸುವ ಶಕ್ತಿಯೂ ಅತ್ಯಲ್ಪ. ಪದೇಪದೇ ಕರೆಂಟು ಹೋಗಿಬರುವ ಊರಿನಲ್ಲಿ, ಕ್ಷಣಕ್ಷಣಕ್ಕೂ ಲೆಕ್ಕ ಬರೆಯುವ ಯಂತ್ರಕ್ಕೆ ಈ ಗುಣಗಳು ಚಿಕ್ಕವಲ್ಲ. ಕಾವಿನ ಪ್ರಶ್ನೆ ಎರಡಕ್ಕೂ ಇದೆ, ಆದ್ದರಿಂದ ಕಾವಿನ ಪ್ರಶ್ನೆಯನ್ನು ಕೇಳದೆ ಯಾವುದನ್ನೂ ಆರಿಸುವಂತಿಲ್ಲ.

ಸಭಿಕರೇ, ಇಡೀ ವಾದವನ್ನು ಹೀಗೆ ಕೂಡಿಸಬಹುದು. ಒಂದು ಫೆರೋಎಲೆಕ್ಟ್ರಿಕ್ ಮೆಮೊರಿಯ ಬಗ್ಗೆ ಮೂರು ಉಷ್ಣತೆಗಳನ್ನು ಕೇಳಬೇಕು: ಯಾವ ಕಾವಿನಲ್ಲಿ ಅದು ಹುಟ್ಟಿತು, ಯಾವ ಕಾವಿನಲ್ಲಿ ಅದು ಅಳಿಯುತ್ತದೆ, ಯಾವ ಕಾವಿನಲ್ಲಿ ಅದು ಬಾಳಬೇಕಾಗಿದೆ. ಮೊದಲ ಎರಡನ್ನು ಡ್ರೆಸ್ಡೆನ್, ಟೋಕಿಯೊ, ಬೆಂಗಳೂರುಗಳ ಪ್ರಯೋಗಶಾಲೆಗಳು ಹೇಳಬಲ್ಲವು. ಮೂರನೆಯದನ್ನು ಹೇಳಬೇಕಾದವರು ಇಲ್ಲಿಯ ನಾವು. ಹುಮನಾಬಾದಿನ, ಬಸವಕಲ್ಯಾಣದ ಬಿಸಿಲಿನಲ್ಲಿ ಒಂದು ಮೀಟರಿನ ಪೆಟ್ಟಿಗೆಯೊಳಗೆ ಗಂಟೆಗಂಟೆಗೂ ಎಷ್ಟು ಡಿಗ್ರಿ ಇರುತ್ತದೆ ಎಂಬುದನ್ನು ವರ್ಷವಿಡೀ ಬರೆದಿಡುವುದಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಾಗಿಲ್ಲ. ಒಂದು ಕಾಲೇಜಿನ ಭೌತವಿಜ್ಞಾನ ವಿಭಾಗ, ಹತ್ತು ಆಸಕ್ತ ವಿದ್ಯಾರ್ಥಿಗಳು, ಕೆಲವು ಉಷ್ಣತಾಮಾಪಕಗಳು ಸಾಕು. ಆ ಅಂಕಿಗಳು ಕೈಯಲ್ಲಿದ್ದರೆ ವಿವರ ಪತ್ರದ ಅಂಕಿಗಳಿಗೆ ನಮ್ಮ ನೆಲದಲ್ಲಿ ಅರ್ಥ ಬರುತ್ತದೆ. ವಿದ್ಯಾರ್ಥಿಗಳು ಆ ಕೆಲಸವನ್ನು ಕೈಗೆತ್ತಿಕೊಳ್ಳಬೇಕು. ಉಪಕರಣ ಕೊಳ್ಳುವ ಸಂಸ್ಥೆಗಳು, ಸಹಕಾರಿ ಸಂಘಗಳು ಇನ್ನು ಮುಂದೆ ಒಂದು ನಿಯಮ ಪಾಲಿಸಬೇಕೆಂದು ಕೇಳಿಕೊಳ್ಳುತ್ತೇನೆ: ವರ್ಷದ ಅಂಕಿಯ ಪಕ್ಕದಲ್ಲಿ ಡಿಗ್ರಿಯ ಅಂಕಿ ಇಲ್ಲದ ಯಾವ ಖಾತರಿಯನ್ನೂ ಒಪ್ಪಬೇಡಿ.